ಕೇಳದೆ ಕೊಟ್ಟದ್ದು ಕೇಳಿಸಬೇಕಲ್ಲ!

ಬಸ್ ಸ್ಟ್ಯಾಂಡ್ ಹೋಟೆಲಿಗೆ ಹೋಗಿ 'ಒಂದು ಕಾಫಿ' ಅನ್ನಿ. ಮಾಣಿ ಸಕ್ಕರೆ ಹಾಕಿಯೇ ತಂದಿಡುತ್ತಾನೆ. ಬೇಡ ಅನ್ನುವವರು ಮೊದಲೇ ಬಾಯಿ ಬಿಟ್ಟು ಹೇಳಬೇಕು. ಹೇಳದವರ ಲೋಟಕ್ಕೆ ಎಷ್ಟು ಸಕ್ಕರೆ ಅನ್ನೋದು ಒಳಗಿರುವ ಭಟ್ಟರ ತೀರ್ಮಾನ. ಕಂಪ್ಯೂಟರ್ ಜನ ಇದಕ್ಕೇ ಡೀಫಾಲ್ಟ್ ಅನ್ನುತ್ತಾರೆ. ಸೊಸೈಟಿ ಸಾಲ ಕಟ್ಟದೆ ನೋಟೀಸ್ ಬೋರ್ಡಿಗೆ ಏರಿದವರ ಡೀಫಾಲ್ಟ್ ಬೇರೆ ಸ್ವಾಮಿ, ಇದು ಬೇರೆ.

ಈ ಬಾತ್ಮೀದಾರನಿಗೆ ಇದರ ಬಿಸಿ ತಟ್ಟಿದೆ. ಒಮ್ಮೆ ಹಳೇ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ವ್ಯವಸ್ಥೆಯೊಂದನ್ನು ಹಾಕಿಸಿಕೊಂಡು, ಸಭೆಯೊಂದರ ರೆಕಾರ್ಡಿಂಗ್ ಕೇಳೋಣ ಅಂತ ಕೂತರೆ ಪರದೆ ಮೇಲೆ ಗೆರೆ ಕುಣಿಯುತ್ತಿದೆ, ಸ್ಪೀಕರ್ ಮಾತ್ರ ಗಪ್‌ಚಿಪ್. ಸ್ಪೀಕರ್ ಕೆಟ್ಟಿರಬೇಕು ಅಂತ ಹೊಸದು ತಂದದ್ದಾಯಿತು. ಅದೂ ಗಪ್‌ಚಿಪ್. ಆಮೇಲೆ ತಿಳಿಯಿತು, ಒಳಗೆ ಸದ್ದು ಹಂಚುವ ತಂತ್ರಾಂಶ ಎರಡಿದ್ದವು, ಒಂದು ಇನ್ನೊಂದರ ಬಾಯಿ ಮುಚ್ಚಿತ್ತು!

ಮನೆ ಒಂದು, ಯಜಮಾನರು ಇಬ್ಬರು

ಲಿನಕ್ಸ್ ಕುಟುಂಬದಲ್ಲಿ ಉಬುಂಟು ಸ್ಟುಡಿಯೋ ಅಂತ ಒಂದಿದೆ. ಹಾಡು, ಚಿತ್ರ, ವಿಡಿಯೋ ಕೆಲಸದವರಿಗಾಗಿಯೇ ಕಟ್ಟಿದ್ದು. ಮೊದಲ ಆವೃತ್ತಿ ಬಂದದ್ದು 2007ರ ಮೇ ತಿಂಗಳಲ್ಲಿ. ಕಾಸು ಕೊಡುವಂತಿಲ್ಲ. ಮೂಲ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಇಂಥ ವ್ಯವಸ್ಥೆ ಕಟ್ಟುವವರಿಗೆ ವರ್ಷಗಟ್ಟಲೆ ತಲೆನೋವಾದ ಪ್ರಶ್ನೆ: ಹೊಸಬನ ಕೈಗೆ ಯಾವ ಆಡಿಯೋ ತಂತ್ರಾಂಶ ಕೊಡೋದು?

ಒಂದು ಕಡೆ ಪಲ್ಸ್‌ಆಡಿಯೋ. 2004ರಲ್ಲಿ ಲೆನಾರ್ಟ್ ಪೋಟರಿಂಗ್ ಶುರು ಮಾಡಿದ್ದು. ಹಾಡು, ಸಿನಿಮಾ, ಫೋನ್ ಮಾತು ಎಲ್ಲಾ ಒಟ್ಟಿಗೆ ಕೇಳಿಸೋಕೆ ಇದು ಸಾಕು. ಇನ್ನೊಂದು ಕಡೆ ಜ್ಯಾಕ್. ಆರ್ಡರ್ ಎಂಬ ರೆಕಾರ್ಡಿಂಗ್ ತಂತ್ರಾಂಶ (ಮಾಣಿ ಕೂಗುವ ಆರ್ಡರ್ ಅಲ್ಲ) ಬರೆದ ಪಾಲ್ ಡೇವಿಸ್ ಅವರೇ ಇದಕ್ಕೂ ಮೂಲಪುರುಷರು. ಇದು ಹಾಡುಗಾರರಿಗೆ, ವಾದ್ಯಗಾರರಿಗೆ.

ಅವರಿಗೆ ಬೇರೆ ಯಾಕೆ ಬೇಕು? ಲೆಕ್ಕ ನೋಡಿ. ಕಂಪ್ಯೂಟರ್ ಸದ್ದನ್ನು ಸೆಕೆಂಡಿಗೆ 48,000 ಚೂರು ಮಾಡುತ್ತೆ ಅಂತಿಟ್ಟುಕೊಳ್ಳಿ. 1,024 ಚೂರು ಕೂಡಿದ ಮೇಲೆ ಒಂದು ಗಂಟು ಕಟ್ಟಿ ಕಳಿಸಿದರೆ ಸುಮಾರು 21 ಮಿಲಿಸೆಕೆಂಡ್ ತಡ. ಅಷ್ಟರಲ್ಲಿ ಗಾಳಿಯಲ್ಲಿ ಸದ್ದು ಏಳು ಮೀಟರ್ ದಾಟಿರುತ್ತದೆ. ಮೃದಂಗದವರನ್ನು ಗಾಯಕರಿಂದ ಏಳು ಮೀಟರ್ ಆಚೆ ಕೂರಿಸಿ ತಾಳ ಹಾಕಿ ಅಂದ ಹಾಗೆ. ಗಂಟನ್ನು 128 ಚೂರಿಗೆ ಇಳಿಸಿದರೆ ತಡ ಮೂರು ಮಿಲಿಸೆಕೆಂಡಿಗೂ ಕಡಿಮೆ, ದೂರ ಒಂದೇ ಮೀಟರ್. ಪಕ್ಕದಲ್ಲೇ ಕೂತಂತೆ. ಆದರೆ ಗಂಟು ಚಿಕ್ಕದಾದಷ್ಟೂ ಯಂತ್ರಕ್ಕೆ ಓಡಾಟ ಹೆಚ್ಚು. ಒಂದು ಗಂಟು ತಪ್ಪಿದರೂ ಸ್ಪೀಕರ್ ಚಟಪಟ ಅನ್ನುತ್ತದೆ.

ಜ್ಯಾಕ್ ಸೌಂಡ್ ಕಾರ್ಡನ್ನು ತಾನೊಬ್ಬನೇ ಹಿಡಿದುಕೊಂಡರೆ ಉಳಿದವರೆಲ್ಲ ಮೂಕರು. ಹಾಗಂತ ಪಲ್ಸ್ ಒಂದನ್ನೇ ಕೊಟ್ಟರೆ ವಾದ್ಯಗಾರ ಬೈಯುತ್ತಾನೆ. ಎರಡನ್ನೂ ಕೊಟ್ಟು, ನಡುವೆ ಒಂದು ಸೇತುವೆ ಹಾಕಿದರು. ಬಲ್ಲವನು ದಾಟಿದ. ಹೊಸಬ ನೀರಿಗೆ ಬಿದ್ದ.

2008ರ ಎಡವಟ್ಟು

ಡೀಫಾಲ್ಟ್ ಆರಿಸೋದರಲ್ಲಿ ಅವಸರ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ 2008 ಸಾಕ್ಷಿ. ಆ ವರ್ಷದ ಏಪ್ರಿಲ್‌ನಲ್ಲಿ ಉಬುಂಟು 8.04 ಬಂತು, ಪಲ್ಸ್‌ಆಡಿಯೋ ಡೀಫಾಲ್ಟ್ ಆಗಿ ಕೂತಿತು. ಸದ್ದು ನಿಂತು ನಿಂತು ಬರುತ್ತೆ, ಬರೋದೇ ಇಲ್ಲ ಅಂತ ದೂರಿನ ಮೇಲೆ ದೂರು. ಬರೆದವರು 'ನೀವು ಜೋಡಿಸಿದ್ದು ಸರಿಯಿಲ್ಲ' ಅಂದರು. ತಪ್ಪು ಯಾರದೇ ಇರಲಿ, ಕೇಳೋನ ಕಿವಿಗೆ ಸದ್ದಿಲ್ಲ. ಅದೂ ಮೇಜಿನ ಮೇಲಿನ ಕಂಪ್ಯೂಟರಿಗೆ ಮೂರು ವರ್ಷ ಬೆಂಬಲ ಕೊಡುವ, ಬಹುಕಾಲ ಬಾಳಬೇಕಾದ ಆವೃತ್ತಿಯಲ್ಲಿ!

ಆಮೇಲೆ ಬಂತು ಪೈಪ್‌ವೈರ್. ರೆಡ್ ಹ್ಯಾಟ್ ಕಂಪನಿಯ ವಿಮ್ ಟೇಮನ್ಸ್ ಬರೆದದ್ದು. ಪಲ್ಸ್ ಭಾಷೆಯೂ ಬರುತ್ತೆ, ಜ್ಯಾಕ್ ಭಾಷೆಯೂ ಬರುತ್ತೆ. 2021ರ ಏಪ್ರಿಲ್‌ನಲ್ಲಿ ಫೆಡೋರಾ 34 ಇದನ್ನು ಡೀಫಾಲ್ಟ್ ಮಾಡಿತು. ಉಬುಂಟುವಿನವರು ಮಾತ್ರ ಈ ಸಲ ಹುಷಾರು. 2022ರ ಏಪ್ರಿಲ್‌ನ ದೀರ್ಘಾವಧಿ ಆವೃತ್ತಿಯಲ್ಲಿ ಸದ್ದಿನ ಕೆಲಸವನ್ನು ಪಲ್ಸ್ ಕೈಯಲ್ಲೇ ಬಿಟ್ಟರು. ಅಕ್ಟೋಬರ್‌ನಲ್ಲಿ, ಒಂಬತ್ತೇ ತಿಂಗಳು ಬೆಂಬಲವಿರುವ 22.10ರಲ್ಲಿ ಪೈಪ್‌ವೈರ್‌ಗೆ ಪಟ್ಟ ಕಟ್ಟಿದರು. 2024ರ ದೀರ್ಘಾವಧಿ ಆವೃತ್ತಿ ಬರುವ ಹೊತ್ತಿಗೆ ಅದು ಪಳಗಿತ್ತು. ಮೊದಲು ಸಣ್ಣ ಪಾತ್ರೆಯಲ್ಲಿ ಕುದಿಸಿ ನೋಡು, ಆಮೇಲೆ ಮದುವೆ ಅಡುಗೆಗೆ ಇಡು. ಪಾಠ ಕಲಿತರು ಅಂತಲೇ ನನ್ನ ಲೆಕ್ಕ.

ನಂಬಿಕೆಯ ಮಾತು

ಡೀಫಾಲ್ಟ್ ಅಂದರೆ ಬರೀ ಸದ್ದಲ್ಲ, ನಂಬಿಕೆಯೂ ಹೌದು. ಉಬುಂಟು ಸ್ಟುಡಿಯೋ ಜೊತೆ ಬರುವ ಆಡಾಸಿಟಿಯನ್ನೇ ನೋಡಿ. ಧ್ವನಿ ಕತ್ತರಿಸಿ ಅಂಟಿಸೋಕೆ ಸುಲಭ, 2000ದಿಂದಲೂ ಜನ ಬಳಸುತ್ತಿದ್ದಾರೆ. 2021ರಲ್ಲಿ ಅದು ಮ್ಯೂಸ್ ಗ್ರೂಪ್ ಕೈಗೆ ಹೋಯಿತು. ಬಳಸುವವರ ಬಗ್ಗೆ ಮಾಹಿತಿ ಸಂಗ್ರಹಿಸುವ ಪ್ರಸ್ತಾಪ ಅದೇ ಮೇ ತಿಂಗಳಲ್ಲಿ ಬಂತು. 'ಒಪ್ಪಿದವರದು ಮಾತ್ರ, ಇಲ್ಲದಿದ್ದರೆ ಬಂದ್' ಅಂತ ಹೇಳಿದರೂ ಜನ ಗಲಾಟೆ ಎಬ್ಬಿಸಿದರು. ಪ್ರಸ್ತಾಪ ಕೈಬಿಡಬೇಕಾಯಿತು. ತಾವಾಗಿ ಆರಿಸಿಕೊಂಡ ತಂತ್ರಾಂಶವಾದರೆ ತಮ್ಮ ಹೊಣೆ. ಇನ್ನೊಬ್ಬರು ಆರಿಸಿ ಕೊಟ್ಟದ್ದಾದರೆ ಹೊಣೆ ಕೊಟ್ಟವರದು.

ಬಲ್ಲವರಿಗೆ ಏನು ಕೊಟ್ಟರೂ ನಡೆಯುತ್ತೆ, ಬೇಡದ್ದು ತೆಗೆದು ಬೇಕಾದ್ದು ಹಾಕಿಕೊಳ್ಳುತ್ತಾರೆ. ಗೊತ್ತಿಲ್ಲದವನ ಗತಿ ಏನು? ಅವನು ದೂರು ಬರೆಯೋಲ್ಲ. 'ಪುಕ್ಕಟೆ ಸಾಮಾನು ಇಷ್ಟೇ' ಅಂತ ಎದ್ದು ಹೋಗುತ್ತಾನೆ, ಮತ್ತೆ ಬರೋಲ್ಲ. ಅಂಗಡಿ ನಡೆಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಟ್ಟರು ಸಕ್ಕರೆ ಹಾಕಲಿ, ಬೇಡ ಅನ್ನೋಲ್ಲ. ಮೊದಲ ಸಲ ಬಂದ ಗಿರಾಕಿಯ ನಾಲಿಗೆ ನೆನೆದು ಹಾಕಲಿ.

ಅಂದ ಹಾಗೆ, ನಾನು ತಂದ ಎರಡನೇ ಸ್ಪೀಕರ್ ಇನ್ನೂ ಅಟ್ಟದ ಮೇಲಿದೆ. ಏನೂ ಕೆಟ್ಟಿಲ್ಲ, ಚೆನ್ನಾಗಿಯೇ ಹಾಡುತ್ತೆ.