ಪರಂಗಿ ಗಿಡದ ಕೆಳಗೆ

ಮೈಸೂರಿನ ಸಿದ್ಧಾರ್ಥನಗರದ ನಮ್ಮ ಮನೆಯ ಸಂಪಿನ ಪಕ್ಕ ಒಂದು ಪರಂಗಿ ಗಿಡ ತಾನಾಗಿ ಹುಟ್ಟಿತು. ಹಕ್ಕಿ ಉದುರಿಸಿದ ಬೀಜವೋ, ಅಳಿಲು ಕಚ್ಚಿ ತಂದ ತುಂಡಿನಿಂದ ಬಿದ್ದದ್ದೋ ಗೊತ್ತಿಲ್ಲ. ಮೊದಲ ಮಳೆಗೆ ಮೊಳಕೆಯೊಡೆದು ಗೌರಿಹಬ್ಬದ ಹೊತ್ತಿಗೆ ಸೊಂಟದೆತ್ತರ ಬಂತು, ಯುಗಾದಿಗೆ ಹೂ ಬಿಟ್ಟಿತು. ಉದ್ದನೆಯ ತೊಟ್ಟಿನಲ್ಲಿ ಗೊಂಚಲು ಗೊಂಚಲಾಗಿ ಇಳಿಬಿದ್ದ ಹೂ ನೋಡಿ, "ಇದು ಗಂಡು ಗಿಡ, ಕಾಯಿ ಬಿಡಲ್ಲ, ಕಡಿದು ಹಾಕಿ" ಎಂದು ಮನೆಗೆ ಬಂದವರೆಲ್ಲ ಹೇಳಿದರು. ನಾನು ಕಡಿಯಲಿಲ್ಲ. ಕತ್ತಲಾಗುವ ಹೊತ್ತಿಗೆ ಆ ಹೂವಿನಿಂದ ತೆಳ್ಳಗೆ ಒಂದು ಪರಿಮಳ ಬರುತ್ತಿತ್ತು. ಪರಿಮಳ ಇದೆ ಎಂದ ಮೇಲೆ ಅದಕ್ಕೆ ಬರುವವರೂ ಯಾರೋ ಇರಬೇಕು.

ಮೊದಲೆರಡು ಸಂಜೆ ಸೊಳ್ಳೆ ಕಡಿಸಿಕೊಂಡದ್ದಷ್ಟೇ ಆಯಿತು. ಮೂರನೆಯ ಸಂಜೆ, ಬೀದಿದೀಪ ಹತ್ತಿದ ಸ್ವಲ್ಪ ಹೊತ್ತಿಗೆ, ಹೆಬ್ಬೆರಳ ಗಾತ್ರದ ಹಾಕ್‌ಮಾತ್ ಪತಂಗವೊಂದು ಬಂತು. ಹೂವಿನ ಮೇಲೆ ಕೂರಲಿಲ್ಲ. ಗಾಳಿಯಲ್ಲೇ ನಿಂತು, ಕಣ್ಣಿಗೆ ಕಾಣದಷ್ಟು ವೇಗವಾಗಿ ರೆಕ್ಕೆ ಬಡಿಯುತ್ತ, ಸುರುಳಿ ಸುತ್ತಿಟ್ಟಿದ್ದ ನಾಲಗೆಯನ್ನು ನೀಳವಾಗಿ ಬಿಚ್ಚಿ ಹೂವಿನ ಕೊಳವೆಯೊಳಕ್ಕೆ ಇಳಿಸಿತು. ಒಂದು ಹೂವಿನಲ್ಲಿ ಎರಡು ಕ್ಷಣ ನಿಂತು ಮುಂದಿನದಕ್ಕೆ ಹೋಗುತ್ತಿತ್ತು. ಹೀಗೆ ಹದಿನಾಲ್ಕು ಹೂ ಮುಗಿಸಿ ಎದುರುಮನೆಯ ಕಾಂಪೌಂಡು ದಾಟಿತು. ಅಲ್ಲೊಂದು ಹೆಣ್ಣು ಗಿಡವಿದೆ. ಪರಂಗಿಯ ತವರು ಮಧ್ಯ ಅಮೆರಿಕ, ಪತಂಗ ಇಲ್ಲಿಯದು. ಆ ವರ್ಷ ಎದುರುಮನೆಯವರು ಕೊಟ್ಟ ಹಣ್ಣು ಸಿಹಿಯಾಗಿತ್ತು.

ಪರಂಗಿ ಎಂದರೆ ವಿದೇಶಿ. ಯುರೋಪಿನ ಫ್ರಾಂಕ್ ಜನರ ಹೆಸರು ಅರಬ್ಬರ, ಪರ್ಷಿಯನ್ನರ ಬಾಯಲ್ಲಿ ಫರಂಗ್ ಆಗಿ, ವ್ಯಾಪಾರದ ದಾರಿ ಹಿಡಿದು ಇತ್ತ ಕನ್ನಡಕ್ಕೂ ಬಂತು, ಅತ್ತ ಥೈಲ್ಯಾಂಡಿಗೂ ಹೋಯಿತು. ಇವತ್ತಿಗೂ ಥಾಯ್ ಜನ ಬಿಳಿಯರನ್ನು 'ಫರಂಗ್' ಎಂದೇ ಕರೆಯುತ್ತಾರೆ. ನಾವು ಆ ಹೆಸರನ್ನು ಪಪ್ಪಾಯಿಗೆ ಕೊಟ್ಟೆವು, ಅವರು ಸೀಬೆಹಣ್ಣಿಗೆ ಕೊಟ್ಟರು. ಅವರ ಭಾಷೆಯಲ್ಲಿ ಸೀಬೆಗೂ ಬಿಳಿಯನಿಗೂ ಒಂದೇ ಮಾತು. ಎರಡೂ ಹಣ್ಣು ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಹೆಸರು ಮಾತ್ರ ಹಡಗಿನಲ್ಲಿ ತಂದವರದು.

ಥಾಯ್ ಜನರ ನಡುವೆ ಹತ್ತಾರು ವರ್ಷಗಳಿಂದ ನೆಲೆಸಿರುವ ಪಾಶ್ಚಾತ್ಯರದ್ದು ಒಂದು ಹಳೆಯ ದೂರು: ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಊರಿನವರಿಗೆ ಒಂದು ದರ, ತಮಗೆ ಹಲವು ಪಟ್ಟು ಹೆಚ್ಚಿನ ದರ. ದೂರಿನಲ್ಲಿ ನ್ಯಾಯವಿಲ್ಲವೆಂದಲ್ಲ. ಆದರೆ ಅದೇ ಥಾಯ್ ಮನುಷ್ಯ ಯುರೋಪಿಗೆ ಹೋಗಬೇಕಾದರೆ ಬ್ಯಾಂಕಿನ ಪುಸ್ತಕ ಹಿಡಿದು ವೀಸಾಕ್ಕಾಗಿ ಸರದಿಯಲ್ಲಿ ನಿಲ್ಲಬೇಕು. ಯುರೋಪಿನವನು ಸಾಮಾನ್ಯವಾಗಿ ವೀಸಾ ಇಲ್ಲದೆಯೇ ಬ್ಯಾಂಕಾಕಿನಲ್ಲಿ ಇಳಿಯುತ್ತಾನೆ. ಈ ಎರಡನೆಯ ಅಸಮತೆಯ ಮಾತು ಮೊದಲನೆಯದರಷ್ಟು ಕೇಳಿಬರುವುದಿಲ್ಲ. ನಮ್ಮಲ್ಲೂ ಸೋಮನಾಥಪುರದ ದೇವಾಲಯಕ್ಕೆ, ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಪುರಾತತ್ವ ಇಲಾಖೆಯ ಟಿಕೆಟ್‌ನಲ್ಲಿ ಎರಡು ದರಗಳಿವೆ. ಅಲ್ಲಿ ಥಾಯ್ ಪ್ರಜೆ ನಮ್ಮ ದರದಲ್ಲೇ ಒಳಗೆ ಹೋಗಬಹುದು, ಏಕೆಂದರೆ ಥೈಲ್ಯಾಂಡ್ ನಾವೂ ಇರುವ ಬಿಮ್‌ಸ್ಟೆಕ್ ಒಕ್ಕೂಟದ ದೇಶ. ಅಂದರೆ ಯಾರು ಹೊರಗಿನವರು, ಎಷ್ಟು ಹೊರಗಿನವರು ಎಂಬುದನ್ನು ನಾವು ಕೂತು ತೀರ್ಮಾನಿಸಿದ್ದೇವೆ. ಅದು ಪ್ರಕೃತಿ ಎಳೆದ ಗೆರೆಯಲ್ಲ.

ಬೆಳಿಗ್ಗೆ ವಿನಯ ಮಾರ್ಗದಿಂದ ಹೊರಟು ಕಾರಂಜಿ ಕೆರೆಯವರೆಗೆ ನಡೆಯುವುದು ನನ್ನ ರೂಢಿ. ದಾರಿಯ ಮರಗಳನ್ನು ಒಮ್ಮೆ ಊರ ಹೆಸರು ಬರೆದುಕೊಂಡು ಎಣಿಸಿದೆ. ಕೊಡೆಯಂತೆ ಹರಡಿದ ಮಳೆಮರ ಮಧ್ಯ ಅಮೆರಿಕದ್ದು. ಮೇ ತಿಂಗಳಲ್ಲಿ ಕೆಂಪಾಗುವ ಗುಲ್‌ಮೊಹರ್ ಮಡಗಾಸ್ಕರ್‌ನದು. ನೀಲಿ ಜಕರಾಂಡ ದಕ್ಷಿಣ ಅಮೆರಿಕದ್ದು. ಹಳದಿ ಹೂ ಸುರಿಸಿ, ಆಮೇಲೆ ತಾಮ್ರದ ಬಣ್ಣದ ಚಪ್ಪಟೆ ಕಾಯಿ ತೂಗುವ ಪೆಲ್ಟೋಫೋರಂ ಥೈಲ್ಯಾಂಡ್, ಮಲಯದ ಕಡೆಯದು. ಅವುಗಳ ಮಧ್ಯೆ ಹೊಂಗೆ, ಬೇವು, ಅರಳಿ ನಮ್ಮವು. ಮೈಸೂರು ಸಂಸ್ಥಾನದ ಉದ್ಯಾನಗಳಿಗೂ ಸಾಲುಮರಗಳಿಗೂ ರೂಪ ಕೊಟ್ಟವರು ಜರ್ಮನಿಯ ಸಸ್ಯತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್. 1908ರಲ್ಲಿ ಸಂಸ್ಥಾನದ ಸೇವೆಗೆ ಬಂದ ಅವರು 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಮಹಾಯುದ್ಧದ ಕಾಲದಲ್ಲಿ ಜರ್ಮನಿಯವರೆಂಬ ಒಂದೇ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. ಆಗಲೂ ಅವರು ಬೆಳೆಸಿದ ಮರಗಳು ನೆರಳು ಕೊಡುತ್ತಿದ್ದವು.

ಸಂಜೆ ಐದೂವರೆಯ ಮೇಲೆ ಮಳೆಮರದ ಕೆಳಗೆ ನಿಂತು ನೋಡಿ. ಎದುರುಬದುರಿನ ಎಲೆಗಳು ಮೆಲ್ಲಗೆ ಮುಖಕ್ಕೆ ಮುಖ ಕೊಟ್ಟು ಮಡಚಿಕೊಳ್ಳುತ್ತವೆ. ಎಲೆಯ ಬುಡದಲ್ಲಿ ಪುಟ್ಟ ಗೆಣ್ಣಿದೆ, ಅದರೊಳಗಿನ ನೀರು ಅತ್ತಿತ್ತ ಸರಿದಂತೆ ಎಲೆ ಬಿಚ್ಚುತ್ತದೆ, ಮುಚ್ಚುತ್ತದೆ. ಮೋಡ ಕವಿದರೂ ಹೀಗೆಯೇ ಮಡಚುವುದರಿಂದ ಮಳೆ ನೇರವಾಗಿ ಬುಡಕ್ಕೆ ಬೀಳುತ್ತದೆ. ಅದರ ಸಿಹಿ ಕಾಯಿಗೆ ಆಡು, ದನ ಕಾಯುತ್ತವೆ. ತುದಿಯ ಕವಲಿನಲ್ಲಿ ಹದ್ದಿನ ಗೂಡಿದೆ. ಈ ಮರವನ್ನು ನಮ್ಮೂರಿನದಲ್ಲ ಎಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ.

ಸೆಪ್ಟೆಂಬರ್ ಕೊನೆಗೆ ನಮ್ಮ ಚರಂಡಿಯ ಅಂಚಿಗೆ ಬೂದು ಕುಂಡೆಕುಸ್ಕ ಬರುತ್ತದೆ. ಹಿಮಾಲಯದಿಂದಲೋ ಅದರಾಚೆಯ ಏಷ್ಯಾದಿಂದಲೋ ಹಾರಿ ಬರುವ ಹಕ್ಕಿ. ಬೂದು ಬೆನ್ನು, ಹಳದಿ ಹೊಟ್ಟೆ, ನಿಂತಲ್ಲಿ ನಿಲ್ಲದೆ ಮೇಲೆ ಕೆಳಗೆ ಆಡುವ ಉದ್ದ ಬಾಲ. ಬಂದ ಮೊದಲ ವಾರ ಅದು ಗಡಿ ಗುರುತಿಸುತ್ತದೆ. ನಮ್ಮ ಗೇಟಿನಿಂದ ಮೂಲೆಮನೆಯ ಮೋರಿಯವರೆಗೆ ತನ್ನದೆಂದು ಕೂಗಿ ಹೇಳುತ್ತದೆ. ಒಂದು ಬೆಳಿಗ್ಗೆ ಅದು ನಿಲ್ಲಿಸಿದ್ದ ಸ್ಕೂಟರಿನ ಕನ್ನಡಿಗೆ ಹಾರಿ ಹಾರಿ ಕುಕ್ಕುತ್ತಿತ್ತು. ಕನ್ನಡಿಯೊಳಗಿನ ಹಕ್ಕಿಯನ್ನು ಅದು ತನ್ನ ಜಾಗಕ್ಕೆ ನುಗ್ಗಿದ ಪರಕೀಯ ಎಂದುಕೊಂಡಿತ್ತು. ಹತ್ತು ನಿಮಿಷವಾದರೂ ಬಿಡಲಿಲ್ಲ. ಕೊನೆಗೆ ಎದ್ದುಹೋಗಿ ಕನ್ನಡಿಗೆ ಬಟ್ಟೆ ಕಟ್ಟಿದೆ.

ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಮಂಗೋಲಿಯಾದ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವು ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳು. ಕ್ಯಾಮೆರಾ ಹಿಡಿದು ಊರೇ ಹೊರಡುತ್ತದೆ, ಪತ್ರಿಕೆಗಳು 'ವಿದೇಶಿ ಅತಿಥಿಗಳ ಆಗಮನ' ಎಂದು ಬರೆಯುತ್ತವೆ. ಹೆಬ್ಬಾತು ಪಕ್ಕದ ಗದ್ದೆಗಿಳಿದು ಎಳೆ ಪೈರು ಮೇಯ್ದರೂ ನಾವು ಅದನ್ನು ಅತಿಥಿ ಎನ್ನುತ್ತೇವೆ. ವಲಸೆ ಹಕ್ಕಿ ಎನ್ನುವಾಗ ನಮ್ಮ ದನಿಯಲ್ಲಿ ಅಕ್ಕರೆ ಇರುತ್ತದೆ. ಅದೇ 'ವಲಸೆ'ಯ ಮುಂದೆ 'ಕಾರ್ಮಿಕ' ಎಂದು ಸೇರಿಸಿ, ದನಿ ಏನಾಗುತ್ತದೆ ಕೇಳಿಸಿಕೊಳ್ಳಿ. 'ಫಾರಿನ್' ಎಂದರೆ ನಮಗೆ ಒಳ್ಳೆಯ ಮಾಲು. 'ಪರದೇಶಿ' ಎಂದರೆ ದಿಕ್ಕಿಲ್ಲದವನು. ಎರಡು ಮಾತಿನ ಅರ್ಥವೂ ಒಂದೇ. ಯಾರನ್ನು ಯಾವ ಮಾತಿನಿಂದ ಕರೆಯುತ್ತೇವೆ ಎಂಬುದರಲ್ಲಿ ನಮ್ಮ ಇಬ್ಬಗೆಯ ನೀತಿ ಇದೆ.

ಕಾರಂಜಿ ಕೆರೆಯ ಗೇಟಿನಲ್ಲಿ ಅದನ್ನು ಕಣ್ಣಾರೆ ಕಂಡೆ. ಒಂದು ಭಾನುವಾರ ಯೋಗ ಕಲಿಯಲು ಬಂದ ಬಿಳಿಯ ದಂಪತಿ ಟಿಕೆಟ್‌ಗೆ ನಿಂತಿದ್ದರು. ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನಲ್ಲಿ ಯೋಗಶಾಲೆ ತೆರೆದರು, ಅದರ ಕೀರ್ತಿ ಹಬ್ಬಿದಂತೆ ವಿದೇಶಿಯರು ಬರುತ್ತಲೇ ಇದ್ದಾರೆ. ಈಗ ಗೋಕುಲಂ ಬೀದಿಗಳಲ್ಲಿ ಅವರದೇ ಒಂದು ಲೋಕ. ಆ ದಂಪತಿಯ ಹಿಂದೆ ಇಬ್ಬರು ಆಫ್ರಿಕನ್ ವಿದ್ಯಾರ್ಥಿಗಳಿದ್ದರು. ಬಿಳಿಯರ ಜೊತೆ ಸೆಲ್ಫಿಗೆ ಮೂರು ಕುಟುಂಬಗಳು ಮುಗಿಬಿದ್ದವು, ಒಬ್ಬ ತಾಯಿ ಮಗುವನ್ನು ಅವರ ಕೈಗೆ ಕೊಟ್ಟಳು. ಆ ಹುಡುಗರು ಹತ್ತಿರ ಬಂದಾಗ ಅದೇ ತಾಯಿ ಮಗುವನ್ನು ಈ ಕಡೆ ಎಳೆದುಕೊಂಡಳು. ಹುಡುಗರು ಅದನ್ನು ಕಂಡರು. ಕಂಡೂ ಕಾಣದಂತೆ ಕೆರೆಯತ್ತ ತಿರುಗಿ ಬಣ್ಣದ ಕೊಕ್ಕರೆಗಳನ್ನು ನೋಡುತ್ತ ನಿಂತರು. ಆ ತಿರುಗುವಿಕೆ ಅವರಿಗೆ ರೂಢಿಯಾಗಿತ್ತು. ನನಗೆ ಸಂಕಟವಾದದ್ದು ಅದಕ್ಕೆ.

ಹೊರಗೆ ಎಳನೀರಿನವನು ಬಿಳಿಯರಿಗೆ ಹತ್ತು ರೂಪಾಯಿ ಹೆಚ್ಚಿಗೆ ಹೇಳಿದ. ಯಾಕಪ್ಪಾ ಎಂದರೆ, "ಅವ್ರತ್ರ ಇರುತ್ತೆ ಸಾರ್, ಕೊಡ್ತಾರೆ" ಎಂದ. ಅವರು ಆ ಹತ್ತು ರೂಪಾಯಿಗೆ ವಾದಿಸಿ ಮೋಸವೆಂದು ಬೇಸರಪಟ್ಟರು. ಆಮೇಲೆ ಹೆಲ್ಮೆಟ್ ಇಲ್ಲದೆ ಸ್ಕೂಟರ್ ಏರಿ, ಒನ್‌ವೇಯಲ್ಲಿ ಎದುರಾಗಿ ಹೊರಟರು. ತಮ್ಮೂರಿನಲ್ಲಿ ಹಾಗೆ ಮಾಡುತ್ತಿರಲಿಲ್ಲ. ಎಳನೀರಿನವನೂ ನನ್ನ ಹತ್ತಿರ ಹಾಗೆ ಕೇಳುತ್ತಿರಲಿಲ್ಲ. ಎದುರಿಗಿರುವವರು ನಮ್ಮವರಲ್ಲ ಎಂದಾಗ ಎಲ್ಲರ ನಿಯಮವೂ ಸಡಿಲವಾಗುತ್ತದೆ.

ನಮ್ಮ ರಸ್ತೆಯಲ್ಲೇ ಒಂದು ಮನೆಗೆ ಟು-ಲೆಟ್ ಬೋರ್ಡ್ ಹಾಕಿದ್ದರು. ದೂರದ ದೇಶದಿಂದ ಓದಲು ಬಂದ ಕಪ್ಪು ಹುಡುಗನೊಬ್ಬ ಕೇಳಲು ಬಂದಾಗ ಮನೆ ಹೋಗಿಬಿಟ್ಟಿದೆ ಎಂದರು. ಬೋರ್ಡ್ ಇನ್ನೂ ಎರಡು ತಿಂಗಳು ಅಲ್ಲೇ ತೂಗುತ್ತಿತ್ತು. ನಾನು ಗೇಟಿನಲ್ಲಿ ನಿಂತಿದ್ದೆ, ಸುಳ್ಳೆಂದು ಗೊತ್ತಿದ್ದೂ ಸುಮ್ಮನಿದ್ದೆ. ಅದೇ ವರ್ಷ ಜರ್ಮನಿಯಲ್ಲಿ ಮನೆ ಹುಡುಕುತ್ತಿದ್ದ ನನ್ನ ತಂಗಿಯ ಮಗ ಫೋನಿನಲ್ಲಿ, "ದೊಡ್ಡಮಾವ, ಹೆಸರು ಹೇಳಿದ ತಕ್ಷಣ ಮನೆ ಖಾಲಿ ಇಲ್ಲ ಅಂತಾರೆ" ಎಂದು ನೊಂದು ಹೇಳಿದ್ದ. ಅವನ ಪರವಾಗಿ ಎಷ್ಟು ಕೋಪಗೊಂಡಿದ್ದೆ! ಸಿದ್ಧಾರ್ಥನಗರದಲ್ಲಿ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಎಷ್ಟೋ ಇವೆ. ನಮ್ಮ ಮಕ್ಕಳಿಗೆ ಅಲ್ಲಿ ಬೇಕೆನ್ನುವ ನ್ಯಾಯವನ್ನು ಇಲ್ಲಿ ಗೇಟಿಗೆ ಬಂದವನಿಗೆ ಕೊಡದಿದ್ದರೆ ನಮ್ಮ ದೂರಿಗೆ ಬೆಲೆ ಎಲ್ಲಿಯದು?

ಡಿಸೆಂಬರಿನಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟನ್ನರನ್ನೂ ನೆನೆಯಬೇಕು. 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅವರಿಗೆ ಜಾಗ ಕೊಟ್ಟಾಗ ಅದು ಕಾಡು. ಕಡಿದು, ಉತ್ತು, ಮುಸುಕಿನ ಜೋಳ ಬೆಳೆದರು. ಮೊಮ್ಮಕ್ಕಳು ಹುಟ್ಟಿದ್ದು ಇಲ್ಲೇ, ಚೌಕಾಸಿ ಮಾಡುವುದು ಕನ್ನಡದಲ್ಲೇ. ಆದರೂ ಗಿರಾಕಿಗಳು, "ನಿಮ್ಮ ದೇಶಕ್ಕೆ ಯಾವಾಗ ವಾಪಸ್?" ಎಂದು ಕೇಳುತ್ತಾರೆ.

ಹಾಗಾದರೆ ಹೊರಗಿನಿಂದ ಬಂದದ್ದೆಲ್ಲ ಒಳ್ಳೆಯದೇ? ಅಲ್ಲ. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಲಂಟಾನ ನುಗ್ಗಿದ ಕಡೆ ಹುಲ್ಲು ಹುಟ್ಟುವುದಿಲ್ಲ. ನಮ್ಮ ಖಾಲಿ ಸೈಟುಗಳ ಕಾಂಗ್ರೆಸ್ ಗಿಡ ಮುಟ್ಟಿದರೆ ಮೈ ಕೆರೆಯುತ್ತದೆ. ಆದರೆ ಕಾಂಗ್ರೆಸ್ ಗಿಡಕ್ಕೆ ಮದ್ದೂ ಅದರ ತವರಿನಿಂದಲೇ ಬಂತು. ಮೆಕ್ಸಿಕೋದಿಂದ ತಂದ ಪುಟ್ಟ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಜುಲೈನಲ್ಲಿ ಯಾವ ಸೈಟಿನಲ್ಲಾದರೂ ಬಗ್ಗಿ ನೋಡಿ: ಕೆನೆ ಬಣ್ಣದ ಬೆನ್ನು, ಅದರ ಮೇಲೆ ಶಾಯಿಯಲ್ಲಿ ಗೀಚಿದಂತೆ ಕಪ್ಪು ಡೊಂಕು ಗೆರೆ, ಎಲೆಯಂಚನ್ನು ಸದ್ದಿಲ್ಲದೆ ಅರೆಯುವ ಬಾಯಿ. ಬೇಸಿಗೆಯಲ್ಲಿ ಅದು ಮಣ್ಣೊಳಗೆ ಮಲಗಿ ಮಳೆಗೆ ಏಳುತ್ತದೆ. ಈ ಹುಳು ಸೂರ್ಯಕಾಂತಿ ಎಲೆ ತಿನ್ನುತ್ತಿದೆ ಎಂಬ ಗಾಬರಿ ಒಮ್ಮೆ ಎದ್ದಿತ್ತು. ಸರ್ಕಾರ ಸಮಿತಿ ನೇಮಿಸಿತು, ವಿಜ್ಞಾನಿಗಳು ಹೊಲಕ್ಕಿಳಿದು ಪರೀಕ್ಷಿಸಿ ಬೆಳೆಗೆ ಅಪಾಯವಿಲ್ಲ ಎಂದರು. ಒಂದು ಹುಳುವಿಗೆ ಇಷ್ಟು ನ್ಯಾಯ ಸಿಕ್ಕಿತು: ದೂರು ಕೇಳಿದರು, ನೋಡಿದರು, ಆಮೇಲೆ ತೀರ್ಪು ಕೊಟ್ಟರು.

ಹೆಸರು ನೋಡಿ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಮೀನೇ ಸಾಕ್ಷಿ. ಕೆರೆಯ ಸ್ಥಳೀಯ ಮೀನುಗಳನ್ನು ತಿಂದು ಮುಗಿಸುತ್ತದೆಂದು ನಮ್ಮ ದೇಶದಲ್ಲಿ ನಿಷೇಧವಾಗಿರುವ ಒಂದು ಕ್ಯಾಟ್‌ಫಿಶ್ ಇದೆ. ಮಾರುಕಟ್ಟೆಯಲ್ಲಿ ಅದರ ಹೆಸರು 'ಥಾಯ್ ಮಾಗುರ್'. ಅದರ ತವರು ಆಫ್ರಿಕ. ಥೈಲ್ಯಾಂಡಿನ ಹೆಸರು ಅದಕ್ಕೆ ಅಂಟಿಕೊಂಡಿದೆ. ಆಫ್ರಿಕದ ತಪ್ಪೂ ಇಲ್ಲ, ಕೊಳದಿಂದ ಕೊಳಕ್ಕೆ ಹೊತ್ತು ಬಿಟ್ಟವರು ಲಾಭ ಬೇಕಾದ ಮನುಷ್ಯರು.

ಇಷ್ಟು ವರ್ಷ ಈ ಬೀದಿ ನೋಡಿ ನಾನು ಕಲಿತದ್ದು ಇದು. ಗಿಡವಾಗಲಿ, ಹುಳುವಾಗಲಿ, ಎಲ್ಲಿಂದ ಬಂತು ಎಂಬುದು ಮೊದಲ ಪ್ರಶ್ನೆ, ಕೊನೆಯದಲ್ಲ. ಇಲ್ಲಿ ಬಂದು ಏನು ಮಾಡುತ್ತಿದೆ ಎಂದು ಋತುಗಟ್ಟಲೆ ನೋಡಿದ ಮೇಲೆಯೇ ಮಾತಾಡಬೇಕು. ಲಂಟಾನವನ್ನು ಕೀಳೋಣ, ಮಳೆಮರವನ್ನು ಉಳಿಸೋಣ, ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯೋಣ. ಮನುಷ್ಯನನ್ನು ಗಿಡದಂತೆ ಜಾತಿ ಹಿಡಿದು ಅಳೆಯಲು ಬರುವುದಿಲ್ಲ, ಒಬ್ಬೊಬ್ಬನೂ ಬೇರೆ. ಆದ್ದರಿಂದ ಅವನ ವಿಷಯದಲ್ಲಿ ಇನ್ನೂ ಹೆಚ್ಚಿನ ತಾಳ್ಮೆ ಬೇಕು.

ನಿಮ್ಮ ಗೇಟಿನಲ್ಲಿ ಟು-ಲೆಟ್ ಬೋರ್ಡ್ ಇದ್ದರೆ, ಬಂದವರಿಗೆಲ್ಲ ಮನೆಯ ಬಾಗಿಲು ತೆಗೆದು ತೋರಿಸಿ. ಬಾಡಿಗೆ, ಮುಂಗಡ, ನೀರಿನ ವಿಚಾರವನ್ನು ಎಲ್ಲರಿಗೂ ಒಂದೇ ರೀತಿ ಹೇಳಿ. "ಯಾವ ಊರಪ್ಪಾ?" ಎಂದು ಖಂಡಿತ ಕೇಳಿ. ಹದಿನಾರು ಕೆರೆಯ ದಂಡೆಯಲ್ಲಿ ನಿಂತು ಹೆಬ್ಬಾತಿನ ಊರು ಕೇಳುವಾಗ ನಿಮ್ಮ ದನಿ ಹೇಗಿರುತ್ತದೋ, ಆಗಲೂ ಹಾಗೆಯೇ ಇರಲಿ.