ಎಷ್ಟು ಮಂಪರು ಬೇಕು?

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಿಂದ ಬೆಳಗಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ದೊಡ್ಡಕರುಳಿನ ಪರೀಕ್ಷೆ ಮಾಡಿಸಿಕೊಂಡು, ಸಂಜೆಗೆ ಮನೆ ಸೇರಬೇಕಾದ ರೋಗಿಯೊಬ್ಬನನ್ನು ಊಹಿಸಿಕೊಳ್ಳೋಣ. ಕೊಲೊನೋಸ್ಕೋಪಿ ಎಂಬ ಈ ಪರೀಕ್ಷೆಯಲ್ಲಿ ಬಾಗುವ ನಳಿಕೆಯೊಂದನ್ನು ಗುದದ್ವಾರದಿಂದ ಒಳಕ್ಕೆ ಸಾಗಿಸಿ ಕರುಳನ್ನು ನೋಡುವರು. 1969ರಲ್ಲಿ ನ್ಯೂಯಾರ್ಕಿನ ವೂಲ್ಫ್ ಮತ್ತು ಶಿನ್ಯಾ ಎಂಬ ವೈದ್ಯರು ಇದೇ ನಳಿಕೆಯ ಮೂಲಕ ತಂತಿಯ ಕುಣಿಕೆಯಿಂದ ಕರುಳಿನ ಗಂಟುಗಳನ್ನು ತೆಗೆದು ತೋರಿಸಿದರು. ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟನ್ನು ಮೊದಲೇ ನಿವಾರಿಸುವ ಇಂಥ ಪರೀಕ್ಷೆಗೆ ನೋವಿನ ಭಯದಿಂದ ಹಿಂಜರಿಯುವವರುಂಟು. ಹಾಗಾದರೆ ಎಲ್ಲರಿಗೂ ಪೂರ್ಣ ನಿದ್ರೆ ಬರಿಸಿದರಾಗದೆ?

ಮೊದಲು ನೋವಿನ ಮೂಲವನ್ನು ಅರಿಯೋಣ. ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡಕರುಳಿನ ಒಳಪೊರೆಯಿಂದ ಚೂರೊಂದನ್ನು ಚಿವುಟಿ ತೆಗೆದರೂ ನೋವು ತಿಳಿಯದು. ಗಾಳಿಯಿಂದ ಕರುಳು ಉಬ್ಬಿದಾಗಲೂ, ತಿರುವುಗಳಲ್ಲಿ ನಳಿಕೆ ಅದನ್ನು ಎಳೆದಾಗಲೂ ನೋವುಂಟಾಗುವುದು. ಆದ್ದರಿಂದ ಗಾಳಿಗೆ ಬದಲಾಗಿ, ರಕ್ತವು ಬೇಗನೆ ಹೀರಿಕೊಳ್ಳುವ ಇಂಗಾಲದ ಡೈಆಕ್ಸೈಡನ್ನೋ ನೀರನ್ನೋ ಬಳಸಿದರೆ ಕೆಲವರು ಔಷಧವಿಲ್ಲದೆಯೇ ಪರೀಕ್ಷೆಯನ್ನು ಸಹಿಸಬಲ್ಲರು. ಮುಗಿದ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಹೊರಡಬಲ್ಲರು.

ಎರಡನೆಯ ಮಾರ್ಗ ಹಗುರವಾದ ಮಂಪರು. ಆತಂಕವನ್ನು ತಗ್ಗಿಸಿ ನೆನಪನ್ನು ಮಸುಕುಗೊಳಿಸುವ ಮಿಡಜೋಲಾಂ, ನೋವನ್ನು ಶಮನಗೊಳಿಸುವ ಫೆಂಟನಿಲ್, ಇವನ್ನು ಅಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುವರು. ಕರೆದರೆ ರೋಗಿ ಓಗೊಡುವನು, ತಾನೇ ಉಸಿರಾಡುವನು. ಮದ್ದು ಹೆಚ್ಚಾದರೆ ಇವೆರಡಕ್ಕೂ ಪ್ರತಿಮದ್ದುಗಳಿವೆ.

ಮೂರನೆಯದು ಪ್ರೊಪೊಫಾಲ್. ಹಾಲಿನಂತೆ ಬೆಳ್ಳಗಿರುವ ಈ ಔಷಧ ಒಂದು ನಿಮಿಷದೊಳಗೆ ಗಾಢ ನಿದ್ರೆಯನ್ನು ತರುವುದು. ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಎಚ್ಚರವಾಗುವುದು. ಆದರೆ ಇದರಿಂದ ಉಸಿರು ಕುಂದಬಹುದು, ರಕ್ತದೊತ್ತಡ ಇಳಿಯಬಹುದು, ಇದಕ್ಕೆ ಪ್ರತಿಮದ್ದಿಲ್ಲ. ಆದಕಾರಣ ಉಸಿರಾಟವನ್ನೇ ಕಾಯುತ್ತ ಕುಳಿತಿರುವ, ಅರಿವಳಿಕೆಯಲ್ಲಿ ತರಬೇತಾದ ವೈದ್ಯರು ಹತ್ತಿರವಿರಬೇಕು. ಗಂಟಲಿನಲ್ಲಿ ಕೊಳವೆಯಿಟ್ಟು ಕೊಡುವ ಪೂರ್ಣ ಅರಿವಳಿಕೆ ಇಂಥ ಪರೀಕ್ಷೆಗೆ ಬೇಕಾಗುವುದು ಅಪೂರ್ವ.

ಈ ಮಾರ್ಗಗಳ ನಡುವೆ ಗೋಡೆಗಳಿಲ್ಲವೆಂಬುದನ್ನು ನಾವು ಮರೆಯಬಾರದು. ಯುವಕನಿಗೆ ಕೇವಲ ತೂಕಡಿಕೆ ತರುವ ಪ್ರಮಾಣವೇ ವೃದ್ಧನನ್ನು ಗಾಢ ನಿದ್ರೆಗೆ ಒಯ್ಯಬಹುದು. ಆಗ ಗಂಟಲಿನ ಕಾವಲು ಸಡಿಲಿ, ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ಮೊದಲೇ ಹೊಟ್ಟೆ ಖಾಲಿಯಿರಬೇಕೆಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿಯೇ.

ನಮ್ಮ ಮಧುರೆಯ ರೋಗಿಯು ಮಂಪರಿನ ಮದ್ದನ್ನು ಪಡೆದಿದ್ದರೆ ಒಬ್ಬನೇ ಹಿಂದಿರುಗಬಾರದು. ಕಣ್ಣು ತೆರೆದಷ್ಟು ಬೇಗ ವಿವೇಚನೆ ಮರಳದು; ಅಂದು ವಾಹನ ನಡೆಸುವುದೂ ಕಾಗದಪತ್ರಗಳಿಗೆ ರುಜು ಹಾಕುವುದೂ ಸಲ್ಲ. ‘ಎಷ್ಟು ನಿದ್ರೆ ಬರುತ್ತದೆ?’ ಎಂದು ಕೇಳುವುದರ ಜೊತೆಗೆ, ‘ಆ ಹೊತ್ತಿನಲ್ಲಿ ನನ್ನ ಉಸಿರನ್ನು ಕಾಯುವವರು ಯಾರು?’ ಎಂದೂ ಕೇಳುವುದು ಜಾಣತನ.