ಹೂಗ್ಲಿ ಸುರಂಗವೂ ಹಡಗುಹುಳುವಿನ ಕಥೆಯೂ

ಕೋಲ್ಕತ್ತದ ನದಿಯಡಿಯ ಮೆಟ್ರೋ ಬಗ್ಗೆ ಎರಡು ಕಥೆಗಳು ಓಡಾಡುತ್ತಿವೆ. ಒಂದು ನಿರುಪದ್ರವಿ: ರೈಲಿನ ಕಿಟಕಿಯಾಚೆ ಮೀನು ಈಜುವುದು ಕಾಣುತ್ತದಂತೆ. ಕಾಣುವುದಿಲ್ಲ. 2024ರ ಮಾರ್ಚ್‌ನಲ್ಲಿ ಹೌರಾ ಮೈದಾನದಿಂದ ಎಸ್ಪ್ಲನೇಡ್‌ಗೆ ಶುರುವಾದ ಈ ಮಾರ್ಗ ಹೂಗ್ಲಿಯ ತಳಕ್ಕಿಂತ ಸುಮಾರು 13 ಮೀಟರ್ ಕೆಳಗೆ, ಮಣ್ಣಿನೊಳಗೆ ಸಾಗುತ್ತದೆ. ನದಿಯ 520 ಮೀಟರ್ ಅಗಲವನ್ನು ರೈಲು ಮುಕ್ಕಾಲು ನಿಮಿಷದಲ್ಲಿ ದಾಟುತ್ತದೆ. ಗೋಡೆಯ ನೀಲಿ ದೀಪಗಳು ‘ಈಗ ನದಿ ನಿಮ್ಮ ತಲೆಯ ಮೇಲಿದೆ’ ಎಂದು ತಿಳಿಸುವುದಕ್ಕೆ ಅಷ್ಟೆ. ಊರಿನಿಂದ ಬಂದ ನೆಂಟರು ಅದನ್ನೇ ನೀರೆಂದು ತಿಳಿದು ವಿಡಿಯೊ ಮಾಡಿಕೊಂಡರೆ ಯಾರಿಗೂ ನಷ್ಟವಿಲ್ಲ.

ನನ್ನ ತಾಳ್ಮೆ ಕೆಡಿಸುವುದು ಎರಡನೆಯ ಕಥೆ. ಮಾರ್ಕ್ ಬ್ರುನೆಲ್ ಎಂಬ ಇಂಜಿನಿಯರ್ ಹಡಗುಕಟ್ಟೆಯಲ್ಲಿ ಹಡಗುಹುಳು ಕೊರೆದ ಮರದ ತುಂಡೊಂದನ್ನು ನೋಡಿದ, ಅದರಂತೆಯೇ ಯಂತ್ರ ಮಾಡಿದ, ಆ ಯಂತ್ರದ ಮರಿಮಕ್ಕಳೇ ಹೂಗ್ಲಿಯಡಿ ನುಗ್ಗಿದವು. ಆದ್ದರಿಂದ ಪ್ರಕೃತಿ ಎಲ್ಲಕ್ಕೂ ನಕ್ಷೆ ಬರೆದಿಟ್ಟಿದೆ, ಕಣ್ಣಿದ್ದವರು ನಕಲು ಮಾಡಿದರೆ ಸಾಕು! ಕಾಲೇಜಿನ ವೇದಿಕೆಯಿಂದ ಕುಟುಂಬದ ವಾಟ್ಸಾಪ್ ಗುಂಪಿನವರೆಗೆ ಇದಕ್ಕೆ ಚಪ್ಪಾಳೆ ಬೀಳದ ಜಾಗವಿಲ್ಲ.

ಕಥೆಯ ಮೊದಲರ್ಧದಲ್ಲಿ ಹುರುಳಿದೆ, ಇಲ್ಲವೆನ್ನುವುದಿಲ್ಲ. ಹಡಗುಹುಳು ಹುಳುವೇ ಅಲ್ಲ. ಮಂಗಳೂರಿನವರು ಮರುವಾಯಿ ಎಂದು ತಿನ್ನುವ ಚಿಪ್ಪಿಜೀವಿಯ ದೂರದ ನೆಂಟ. ಅದರ ಎರಡು ಚಿಪ್ಪು ಕಿರಿದಾಗಿ, ತಲೆಯ ತುದಿಯಲ್ಲಿ ಅರದಂತೆ ಕೂತು ಮರವನ್ನು ತೇಯುತ್ತವೆ. ಮುಂದೆ ಹೋದಂತೆ ಬಿಲದ ಗೋಡೆಗೆ ಅದು ಸುಣ್ಣದ ಪದರ ಬಳಿಯುತ್ತದೆ. ಮುಂದೆ ಕೊರೆ, ಹಿಂದೆ ಗೋಡೆ ಕಟ್ಟು: ಬ್ರುನೆಲ್ ಹಿಡಿದದ್ದು ಈ ಜೋಡಿ ಕೆಲಸವನ್ನು. 1818ರ ಅವನ ಪೇಟೆಂಟಿನ ನಕ್ಷೆಯಲ್ಲಿ ಯಂತ್ರ ದುಂಡಗಿತ್ತು ಕೂಡ.

ಆದರೆ 1825ರಲ್ಲಿ ಥೇಮ್ಸ್ ನದಿಯಡಿ ನಿಜಕ್ಕೂ ಇಳಿದದ್ದು ಆಯತಾಕಾರದ ಕಬ್ಬಿಣದ ಚೌಕಟ್ಟು. ಅದರಲ್ಲಿ 36 ಗೂಡುಗಳು, ಗೂಡಿಗೊಬ್ಬ ಕೆಲಸಗಾರ. ಎದುರಿನ ಮಣ್ಣಿಗೆ ಹಲಗೆಗಳನ್ನು ಒತ್ತಿ ನಿಲ್ಲಿಸಿರುತ್ತಿದ್ದರು. ಒಂದು ಹಲಗೆ ತೆಗೆದು, ಕೆಲವು ಅಂಗುಲ ಅಗೆದು, ಅದನ್ನು ಮತ್ತೆ ಒತ್ತಿ, ಆಮೇಲೆ ಮುಂದಿನ ಹಲಗೆಗೆ ಕೈಹಾಕುವುದು. ಈ ಉಪಾಯ ಹಡಗುಹುಳುವಿನ ಬಳಿ ಎಲ್ಲಿದೆ? ಮರ ಅದರ ತಲೆಯ ಮೇಲೆ ಕುಸಿಯುವುದಿಲ್ಲ. ಕುಸಿಯುವ ಕೆಸರನ್ನು ಹಿಡಿದಿಡುವ ಪಾಡು ಮನುಷ್ಯನದು, ಅದಕ್ಕೆ ಉತ್ತರವನ್ನೂ ಅವನೇ ಹುಡುಕಬೇಕಾಯಿತು. ಹುಡುಕುವಷ್ಟರಲ್ಲಿ ನದಿ ಪದೇ ಪದೇ ಒಳನುಗ್ಗಿತು, 1828ರ ಪ್ರವಾಹವೊಂದೇ ಆರು ಜನರನ್ನು ಬಲಿ ತೆಗೆದುಕೊಂಡಿತು, ಕೆಲಸ ಏಳು ವರ್ಷ ನಿಂತಿತು. ಸುರಂಗ ತೆರೆದದ್ದು 1843ರಲ್ಲಿ. ‘ನೋಡಿದ, ಮಾಡಿದ’ ಎನ್ನುವವರು ಈ ಹದಿನೆಂಟು ವರ್ಷಗಳನ್ನು ಎಲ್ಲಿ ಬಚ್ಚಿಡುತ್ತಾರೋ.

2017ರಲ್ಲಿ ಹೂಗ್ಲಿ ದಾಟಿದ ‘ರಚನಾ’, ‘ಪ್ರೇರಣಾ’ ಎಂಬ ಯಂತ್ರಗಳಂತೂ ಹುಳುವಿನಿಂದ ಇನ್ನೂ ದೂರ. ಕೊರೆದ ಮಣ್ಣನ್ನು ಅವು ತಿರುಗುವ ಮುಖದ ಹಿಂದಿನ ಕೋಣೆಯಲ್ಲಿ ಒತ್ತಡದಲ್ಲಿಟ್ಟು, ಆ ಮಣ್ಣಿನಿಂದಲೇ ಹೊರಗಿನ ಮಣ್ಣು ನೀರನ್ನು ತಡೆಯುತ್ತವೆ. ತಿರುಪಿನಂಥ ಕೊಳವೆಯೊಂದು ಅದನ್ನು ಅಳೆದು ಅಳೆದು ಹಿಂದಕ್ಕೆ ತಳ್ಳುತ್ತದೆ. ಆಮೇಲೆ ಕಾಂಕ್ರೀಟ್ ತುಂಡುಗಳ ಉಂಗುರ ಕೂರುತ್ತದೆ. ಹುಳು ತಾನು ಕೊರೆದದ್ದನ್ನು ತಿಂದು ಅರಗಿಸಿಕೊಳ್ಳುತ್ತದೆ. ಈ ಯಂತ್ರಗಳ ಮಣ್ಣನ್ನು ಲಾರಿಯಲ್ಲಿ ಸಾಗಿಸಬೇಕಾಯಿತು.

ತಿಂದು ಅರಗಿಸಿಕೊಳ್ಳುತ್ತದೆ ಎಂದೆನಲ್ಲ, ಕಥೆಗಾರರು ಪೂರ್ತಿ ಬಿಟ್ಟುಬಿಡುವುದು ಅದನ್ನೇ. ಬರೀ ಮರ ತಿಂದು ಬದುಕುವುದು ಹುಡುಗಾಟವಲ್ಲ. ಸೆಲ್ಯುಲೋಸ್ ಸುಲಭಕ್ಕೆ ಕರಗದು, ಮರದಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಹಡಗುಹುಳುವಿಗೆ ನೆರವಾಗುವುದು ಅದರ ಕಿವಿರಿನ ಜೀವಕೋಶಗಳೊಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯ. ಅಂಥದ್ದೊಂದನ್ನು 1983ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದಾಗ, ಅದು ಸೆಲ್ಯುಲೋಸನ್ನೂ ಒಡೆಯುತ್ತದೆ, ನೀರಿನಲ್ಲಿ ಕರಗಿದ ಸಾರಜನಕವನ್ನೂ ಹಿಡಿದು ಗೊಬ್ಬರ ಮಾಡಿಕೊಳ್ಳುತ್ತದೆ ಎಂದು ತಿಳಿಯಿತು. ಹಡಗುಹುಳುಗಳ ಅಧ್ಯಯನಕ್ಕೆ ಬದುಕು ಸವೆಸಿದ ರೂತ್ ಟರ್ನರ್ ಅವರ ಹೆಸರು ಈಗ ಆ ಬ್ಯಾಕ್ಟೀರಿಯಕ್ಕಿದೆ. ಇನ್ನೂ ವಿಚಿತ್ರವೆಂದರೆ ಮರದ ಪುಡಿ ಸೇರುವ ಚೀಲದಲ್ಲಿ ಸೂಕ್ಷ್ಮಜೀವಿಗಳು ಇಲ್ಲವೇ ಇಲ್ಲ ಎನ್ನಬಹುದು. ಬ್ಯಾಕ್ಟೀರಿಯ ಕಿವಿರಿನಲ್ಲಿ ಕೂತು ಕಿಣ್ವ ತಯಾರಿಸುತ್ತದೆ, ಅದರಲ್ಲಿ ಆಯ್ದ ಕೆಲವು ಮಾತ್ರ ದೇಹದೊಳಗೆ ಸಾಗಿ ಹೊಟ್ಟೆ ಸೇರುತ್ತವೆ. 2014ರಲ್ಲಿ ಇದು ಖಚಿತವಾಯಿತು. ನಮ್ಮ ಹಸು, ಗೆದ್ದಲುಗಳ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳ ಸಂತೆಯೇ ನೆರೆದಿರುತ್ತದೆ. ಇಲ್ಲಿ ಕೆಲವೇ ಕಿಣ್ವಗಳಲ್ಲಿ ಕೆಲಸ ಮುಗಿಯುತ್ತದೆ.

ಹುಲ್ಲು, ಹೊಟ್ಟು, ಬಂಗಾಳದ ಹೊಲಗಳಲ್ಲಿ ನಾರು ಸುಲಿದ ಮೇಲೆ ಉಳಿಯುವ ಸೆಣಬಿನ ಕಡ್ಡಿ, ಇವುಗಳಿಂದ ಸಕ್ಕರೆ ತೆಗೆದು ಇಂಧನ ಮಾಡಲು ಹೊರಟವರಿಗೆ ದೊಡ್ಡ ತಲೆನೋವು ಕಿಣ್ವಗಳ ಖರ್ಚು. ಕೆಲವೇ ಕಿಣ್ವಗಳಲ್ಲಿ ಮರ ಕರಗಿಸುವ ಪ್ರಾಣಿಯ ಮೇಲೆ ಅವರ ಕಣ್ಣು ಬಿದ್ದಿರುವುದು ಅದಕ್ಕೇ. ಅದೇ ಬ್ಯಾಕ್ಟೀರಿಯ ತಯಾರಿಸುವ ಪ್ರತಿಜೀವಕವೊಂದೂ ಪತ್ತೆಯಾಗಿದೆ. ಅಂದರೆ ಹಡಗುಹುಳು ಮತ್ತು ಬ್ಯಾಕ್ಟೀರಿಯದ ಈ ಕೂಡುಬಾಳಿನಿಂದ ಕಲಿಯುವುದು ಈಗಷ್ಟೇ ಆರಂಭವಾಗಿದೆ. ಬ್ರುನೆಲ್ ನೋಡಿದ್ದು ಚಿಪ್ಪು ಮತ್ತು ಸುಣ್ಣ. ಬ್ಯಾಕ್ಟೀರಿಯವನ್ನು ಅವನು ನೋಡುವಂತೆಯೂ ಇರಲಿಲ್ಲ.

ಈ ಪ್ರಾಣಿಯ ಸುತ್ತ ಪ್ರವಚನ ಹೊಸದೇನಲ್ಲ. 1730ರ ದಶಕದಲ್ಲಿ ಹಾಲೆಂಡಿನ ಕಡಲ ಒಡ್ಡುಗಳ ಮರದ ಕಂಬಗಳನ್ನು ಇದು ಜಾಲರಿ ಮಾಡಿಹಾಕಿದಾಗ, ಜನರ ಪಾಪಕ್ಕೆ ದೇವರು ಕಳಿಸಿದ ಶಿಕ್ಷೆ ಎಂದು ಪಾದ್ರಿಗಳು ಸಾರಿದರು. ಅದೇ ಹೊತ್ತಿಗೆ, 1733ರಲ್ಲಿ, ಸೆಲಿಯಸ್ ಎಂಬಾತ ಇದನ್ನು ಕೊಯ್ದು ನೋಡಿ ಮೃದ್ವಂಗಿ ಎಂದು ಬರೆದ. ಒಡ್ಡು ಉಳಿದದ್ದು ಮರ ಬಿಟ್ಟು ಕಲ್ಲು ಹಾಕಿದ್ದರಿಂದ. ಅಂದು ದೇವರ ಕೋಪ, ಇಂದು ಪ್ರಕೃತಿಮಾತೆಯ ಪಾಠ; ಕೊಯ್ದು ನೋಡುವ ಶ್ರಮ ಎರಡರಲ್ಲೂ ಬೇಡ. ‘ಪ್ರಕೃತಿಯಿಂದ ಪ್ರೇರಿತ’ ಎಂದು ಡಬ್ಬದ ಮೇಲೆ ಬರೆದರೆ ಸೋಪೂ ಮಾರಾಟವಾಗುವ ಕಾಲ ಇದು.

ಹೀಗೆ ಕೂಡಿ ಬಾಳುವ ಬೇರೆ ಜೀವಿಗಳ ಬಗ್ಗೆ ಓಡಾಡುವ ತಪ್ಪು ನಂಬಿಕೆಗಳನ್ನೂ ಬೇಗ ಮುಗಿಸುತ್ತೇನೆ. ರೆಮೋರಾ ಮೀನು ಶಾರ್ಕಿನ ರಕ್ತ ಹೀರುವುದಿಲ್ಲ; ಅದು ಅಂಟಿಕೊಳ್ಳುವುದು ಬಾಯಿಂದಲ್ಲ, ತಲೆಯ ಮೇಲೆ ತಟ್ಟೆಯಾಗಿ ಮಾರ್ಪಟ್ಟ ಬೆನ್ನುರೆಕ್ಕೆಯಿಂದ, 2017ರಲ್ಲಿ ನೀರೊಳಗಿನ ರೋಬೋಟಿಗೆ ಮಾದರಿಯಾದದ್ದೂ ಆ ತಟ್ಟೆಯೇ. ಹವಾಯಿಯ ಪುಟ್ಟ ಬಾಬ್‌ಟೇಲ್ ಸ್ಕ್ವಿಡ್ ತನ್ನೊಳಗಿನ ಬ್ಯಾಕ್ಟೀರಿಯದ ಬೆಳಕನ್ನು ಬೇಟೆ ಕರೆಯಲು ಉರಿಸುವುದಿಲ್ಲ, ಬೆಳದಿಂಗಳಲ್ಲಿ ತನ್ನ ನೆರಳು ಕೆಳಗೆ ಬೀಳದಿರಲೆಂದು ಉರಿಸುತ್ತದೆ. ಆ ಬ್ಯಾಕ್ಟೀರಿಯ ಗುಂಪು ದೊಡ್ಡದಾದ ಮೇಲಷ್ಟೇ ಬೆಳಗುತ್ತದೆ. ಹೀಗೆ ರಾಸಾಯನಿಕದಲ್ಲಿ ತಲೆ ಎಣಿಸುವ ಕ್ರಮ 1970ರಲ್ಲಿ ಬೆಳಕಿಗೆ ಬಂದಾಗಿನಿಂದ, ರೋಗಾಣುಗಳ ಎಣಿಕೆಯನ್ನು ತಪ್ಪಿಸಿ ಅವನ್ನು ನಿಷ್ಕ್ರಿಯಗೊಳಿಸುವ ಔಷಧಕ್ಕೆ ಹುಡುಕಾಟ ನಡೆದಿದೆ. ಇನ್ನು ಸ್ಕ್ವಿಡ್ ಮತ್ತು ಅದರ ಬ್ಯಾಕ್ಟೀರಿಯದ್ದು ಅಪ್ಪಟ ಸ್ನೇಹ ಎನ್ನುವವರಿಗೆ ಒಂದು ಸುದ್ದಿ: ಪ್ರತಿದಿನ ಬೆಳಗಾಗುತ್ತಲೇ ಸ್ಕ್ವಿಡ್ ತನ್ನ ಬ್ಯಾಕ್ಟೀರಿಯಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಹೊರಗೆ ಉಗುಳಿ, ರಾತ್ರಿಯ ಕೆಲಸಕ್ಕೆ ಉಳಿದವುಗಳಿಂದ ಹೊಸದಾಗಿ ಬೆಳೆಸಿಕೊಳ್ಳುತ್ತದೆ.